ಕಡಲಾಚೆಯ ಕಾನೂನು, ಅಡಿಕೆ ತೋಟದ ಮನೆ

2025ನೆಯ ಇಸವಿಯ ಸೆಪ್ಟೆಂಬರ್ 21 ಮಹಾಲಯ ಅಮಾವಾಸ್ಯೆ. ಮಲೆನಾಡಿನ ಮನೆಗಳಲ್ಲಿ ಹಿರಿಯರಿಗೆ ಎಡೆಯಿಡುವ ದಿನ, ಮರುದಿನದಿಂದ ನವರಾತ್ರಿ. ಪರದೇಶದಲ್ಲಿರುವ ಮಕ್ಕಳು ವರ್ಷಕ್ಕೊಮ್ಮೆ ಊರಿಗೆ ಬರುವುದಾದರೆ ಈ ದಿನಗಳನ್ನೇ ನೋಡಿಕೊಂಡು ರಜೆ ಹಾಕುವುದುಂಟು. ಆ ವರ್ಷ ಹಾಗೆ ಬಂದವರಲ್ಲಿ ಅನೇಕರು ಅಮಾವಾಸ್ಯೆಯ ಮುನ್ನಾದಿನವನ್ನೆಲ್ಲ ವಿಮಾನದ ಟಿಕೆಟಿನ ಚಿಂತೆಯಲ್ಲೇ ಕಳೆಯಬೇಕಾಯಿತು. ಸೆಪ್ಟೆಂಬರ್ 19ರಂದು ವಾಷಿಂಗ್ಟನ್ನಿನಲ್ಲಿ ಅಧ್ಯಕ್ಷ ಟ್ರಂಪ್ ಅವರು ಒಂದು ಘೋಷಣೆಗೆ ಸಹಿ ಹಾಕಿದ್ದರು. ಎಚ್-1ಬಿ ಎಂಬ ಉದ್ಯೋಗ ವೀಸಾದ ಅರ್ಜಿಗೆ 1 ಲಕ್ಷ ಡಾಲರ್ ತೆರಬೇಕು, ಇಲ್ಲವಾದರೆ ದೇಶದೊಳಕ್ಕೆ ಪ್ರವೇಶವಿಲ್ಲ ಎಂಬುದು ಅದರ ತಿರುಳು. ಜಾರಿಗೆ ಬರುವ ಗಳಿಗೆ, ಅಲ್ಲಿಯ ಪೂರ್ವ ತೀರದ ಗಡಿಯಾರದಲ್ಲಿ 21ರ ನಡುರಾತ್ರಿ ಕಳೆದು ಒಂದು ನಿಮಿಷ. ಭಾರತದಲ್ಲಿ ಅದೇ ದಿನ ಬೆಳಿಗ್ಗೆ 9 ಗಂಟೆ 31 ನಿಮಿಷ.

ತೀರ್ಥಹಳ್ಳಿ ತಾಲ್ಲೂಕಿನ ಕೋಣಂದೂರಿನಿಂದ ಬೆಂಗಳೂರು ಒಂದು ರಾತ್ರಿಯ ದಾರಿ. ಅಲ್ಲಿಂದ ಅಮೆರಿಕ ಸುಮಾರು ಒಂದು ಹಗಲು ಒಂದು ರಾತ್ರಿಯ ದಾರಿ. ಸುದ್ದಿ ಕಿವಿಗೆ ಬಿದ್ದ ಕ್ಷಣವೇ ಹೊರಟರೂ ಗಡುವಿನೊಳಗೆ ಮುಟ್ಟುವುದು ಕಷ್ಟವಿತ್ತು. ಕಂಪನಿಗಳು ತಮ್ಮ ನೌಕರರಿಗೆ "ಹೊರಗಿದ್ದವರು ಕೂಡಲೇ ಮರಳಿರಿ, ಒಳಗಿದ್ದವರು ಕದಲಬೇಡಿರಿ" ಎಂಬರ್ಥದ ಸಂದೇಶಗಳನ್ನು ಕಳುಹಿಸಿದವು. ಅಲ್ಲಿಯ ವಾಣಿಜ್ಯ ಕಾರ್ಯದರ್ಶಿಗಳಂತೂ ಇದು ವರ್ಷ ವರ್ಷವೂ ಕಟ್ಟಬೇಕಾದ ಹಣವೆಂಬಂತೆ ಮಾತನಾಡಿದ್ದರು. ಅಮಾವಾಸ್ಯೆಯ ಬೆಳಗು ಹರಿಯುವಷ್ಟರಲ್ಲಿ ಶ್ವೇತಭವನದ ವಿವರಣೆ ಹೊರಬಿತ್ತು: ಹಣ ಹೊಸ ಅರ್ಜಿಗಳಿಗೆ ಮಾತ್ರ, ಅದೂ ಒಂದೇ ಬಾರಿ; ಈಗಾಗಲೇ ವೀಸಾ ಉಳ್ಳವರು ಹೋಗಿ ಬರಲು ಅಡ್ಡಿಯಿಲ್ಲ. ಆ ವೇಳೆಗೆ ದುಬಾರಿ ಟಿಕೆಟು ಕೊಂಡು ಹೊರಟವರು ಹೊರಟೇ ಹೋಗಿದ್ದರು.

ಒಂದು ದೇಶದ ಕಾನೂನು ಬದಲಾಗುವುದು ಆ ದೇಶದ ಅಧಿಕಾರ. ಅದನ್ನು ಯಾರೂ ಅಲ್ಲಗಳೆಯುವಂತಿಲ್ಲ. ಆದರೆ ಬದಲಾವಣೆಯ ಮೊದಲ ಸುದ್ದಿಗೂ ಅದರ ನಿಜವಾದ ಪಾಠಕ್ಕೂ ನಡುವೆ ಇರುವ ಒಂದೆರಡು ದಿನಗಳಲ್ಲಿ ಸಾಮಾನ್ಯ ಸಂಸಾರಗಳು ನುಚ್ಚಾಗುತ್ತವೆ. ಕೋಣಂದೂರಿನಂಥ ಊರಿನಲ್ಲಿ ಮುಂಗಾರು ಯಾವಾಗ ಹಿಡಿಯಿತು, ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಎಷ್ಟು ಸಲ ಹೊಡೆಯಬೇಕು, ಅಡಿಕೆಯ ಧಾರಣೆ ಎಲ್ಲಿ ನಿಂತಿತು ಎಂಬ ಮಾತುಗಳಷ್ಟೇ ಸಹಜವಾಗಿ "ನಿಮ್ಮ ಹುಡುಗನ ಗ್ರೀನ್ ಕಾರ್ಡು ಎಲ್ಲಿಗೆ ಬಂತು" ಎಂಬ ಪ್ರಶ್ನೆಯೂ ಜಗಲಿಯ ಮೇಲೆ ಕೇಳಿಬರತೊಡಗಿ ಬಹಳ ವರ್ಷಗಳೇನೂ ಆಗಿಲ್ಲ.

ಹಿಂದೆ ತೊಡಕು ಬೇರೆ ಬಗೆಯದಾಗಿತ್ತು. 1948ರ ಬ್ರಿಟಿಷ್ ರಾಷ್ಟ್ರೀಯತಾ ಕಾಯಿದೆಯ ಪ್ರಕಾರ ಕಾಮನ್‌ವೆಲ್ತ್ ದೇಶಗಳ ಪ್ರಜೆ ಇಂಗ್ಲೆಂಡಿಗೆ ಹೋಗಿ ನೆಲೆಸುವುದಕ್ಕೆ ಅಲ್ಲಿಂದ ತಡೆಯಿರಲಿಲ್ಲ. ತಡೆಯಿದ್ದುದು ಇಲ್ಲಿಯೇ. ಪಾಸ್‌ಪೋರ್ಟು ಕೊಡುವುದೂ ಬಿಡುವುದೂ ಭಾರತ ಸರ್ಕಾರದ ಚಿತ್ತಕ್ಕೆ ಸೇರಿದ ಸಂಗತಿಯಾಗಿತ್ತು. 1967ರ ಏಪ್ರಿಲ್ 10ರಂದು ಸತ್ವಂತ್ ಸಿಂಗ್ ಸಾಹ್ನಿ ಅವರ ಮೊಕದ್ದಮೆಯಲ್ಲಿ ಮುಖ್ಯ ನ್ಯಾಯಮೂರ್ತಿ ಸುಬ್ಬರಾವ್ ಅವರಿದ್ದ ಸುಪ್ರೀಂ ಕೋರ್ಟಿನ ಪೀಠವು, ವಿದೇಶಕ್ಕೆ ಹೋಗುವುದು ವ್ಯಕ್ತಿ ಸ್ವಾತಂತ್ರ್ಯದ ಅಂಗವೆಂದು ಬಹುಮತದಿಂದ ತೀರ್ಪಿತ್ತಿತು. ಎರಡೂವರೆ ತಿಂಗಳೊಳಗೆ ಪಾಸ್‌ಪೋರ್ಟು ಕಾಯಿದೆ ಹುಟ್ಟಿದ್ದು ಅದರ ಫಲವಾಗಿಯೇ. 1978ರ ಮೇನಕಾ ಗಾಂಧಿ ಮೊಕದ್ದಮೆ ಆ ಹಕ್ಕನ್ನು ಇನ್ನಷ್ಟು ಗಟ್ಟಿಗೊಳಿಸಿತು.

ಇದೇ ತಾಲ್ಲೂಕಿನ ಮೇಳಿಗೆಯಲ್ಲಿ ಹುಟ್ಟಿದ ಯು. ಆರ್. ಅನಂತಮೂರ್ತಿಯವರು ಕಾಮನ್‌ವೆಲ್ತ್ ವಿದ್ಯಾರ್ಥಿವೇತನದ ಮೇಲೆ ಬರ್ಮಿಂಗ್‌ಹ್ಯಾಮಿಗೆ ಹೋದದ್ದು 1963ರಲ್ಲಿ. ಅದಕ್ಕೆ ಒಂದು ವರ್ಷ ಮುಂಚೆ, 1962ರ ಜುಲೈ 1ರಿಂದ, ಇಂಗ್ಲೆಂಡು ತನ್ನ ಬಾಗಿಲಿಗೆ ಮೊದಲ ಸಲ ಅಗಳಿ ಹಾಕಿತ್ತು. ಕೆಲಸಕ್ಕೆಂದು ಬರುವ ಕಾಮನ್‌ವೆಲ್ತ್ ಪ್ರಜೆ ಇನ್ನು ಮೇಲೆ ವೋಚರ್ ತರಬೇಕೆಂದು ವಿಧಿಸಿತ್ತು. ವಿದ್ಯಾರ್ಥಿಗಳಿಗೆ ಆ ವೋಚರಿನ ಹಂಗಿರಲಿಲ್ಲ. ಕೆಲಸಕ್ಕೆ ಹೋಗುವವನಿಗೆ ಒಂದು ಬಾಗಿಲು, ಓದಲು ಹೋಗುವವನಿಗೆ ಇನ್ನೊಂದು: ಈ ಭೇದ ಅಂದು ಶುರುವಾದದ್ದು ಇಂದಿಗೂ ಮುಗಿದಿಲ್ಲ. ಓದು ಮುಗಿಸಿದವರು ಎರಡು ವರ್ಷ ಅಲ್ಲಿಯೇ ದುಡಿಯಬಹುದೆಂಬ ಸೌಲಭ್ಯವನ್ನು ಇಂಗ್ಲೆಂಡು 2012ರಲ್ಲಿ ಕಿತ್ತುಹಾಕಿತು, 2021ರಲ್ಲಿ ಮತ್ತೆ ಕೊಟ್ಟಿತು. 2024ರ ಜನವರಿಯಿಂದ ಹೆಚ್ಚಿನ ವಿದ್ಯಾರ್ಥಿಗಳು ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೋಗಕೂಡದೆಂದಿತು. ಅಣ್ಣ ಹೋದ ದಾರಿ ತಮ್ಮನಿಗೆ ಸಿಕ್ಕೀತೆಂಬ ಭರವಸೆಯಿಲ್ಲ.

ಅಮೆರಿಕದ ಕಥೆ ಇನ್ನೂ ದೀರ್ಘವಾದದ್ದು. 1917ರ ಕಾಯಿದೆ ಏಷ್ಯದ ಬಹುಭಾಗದ ಜನರಿಗೆ ಬಾಗಿಲು ಮುಚ್ಚಿತು. 1923ರಲ್ಲಿ ಭಗತ್ ಸಿಂಗ್ ಥಿಂದ್ ಎಂಬ ಮಾಜಿ ಸೈನಿಕನಿಗೆ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ಪೌರತ್ವವಿಲ್ಲವೆಂದಿತು. 1946ರಲ್ಲಿ ವರ್ಷಕ್ಕೆ 100 ಮಂದಿ ಭಾರತೀಯರು ಬರಬಹುದೆಂಬ ಔದಾರ್ಯ ತೋರಿತು! 1965ರ ಅಕ್ಟೋಬರ್ 3ರಂದು ಅಧ್ಯಕ್ಷ ಜಾನ್ಸನ್ ಸಹಿ ಹಾಕಿದ ಕಾಯಿದೆಯಿಂದ ರಾಷ್ಟ್ರವಾರು ಪಕ್ಷಪಾತದ ಹಳೆಯ ಪದ್ಧತಿ ಕೊನೆಗಂಡು, ನಮ್ಮ ವೈದ್ಯರೂ ಎಂಜಿನಿಯರರೂ ಅತ್ತ ಮುಖ ಮಾಡಿದರು. 1990ರ ಕಾಯಿದೆ ಎಚ್-1ಬಿಯನ್ನು ಹುಟ್ಟುಹಾಕಿತು. ವರ್ಷಕ್ಕೆ 65,000 ಎಂದು ನಿಗದಿಯಾದ ಆ ವೀಸಾ ಕೆಲವು ಕಾಲ 1,95,000ಕ್ಕೆ ಏರಿ, ಮತ್ತೆ 65,000ಕ್ಕೆ ಇಳಿದು, ಅಲ್ಲಿಯೇ ಉನ್ನತ ಪದವಿ ಪಡೆದವರಿಗೆಂದು ಇನ್ನೊಂದು 20,000ವನ್ನು ಸೇರಿಸಿಕೊಂಡಿತು.

ಎಚ್-1ಬಿ ಹಿಡಿದು ಒಳಹೊಕ್ಕವರು ಕಾಯುವುದು ಗ್ರೀನ್ ಕಾರ್ಡಿಗಾಗಿ. ಉದ್ಯೋಗದ ಆಧಾರದ ಮೇಲೆ ಕೊಡುವ ಶಾಶ್ವತ ವಾಸದ ಪರವಾನಗಿ ವರ್ಷಕ್ಕೆ ಸುಮಾರು 1,40,000. ಹೆಂಡತಿ ಮಕ್ಕಳೂ ಈ ಲೆಕ್ಕದೊಳಗೇ. ಸಾಮಾನ್ಯವಾಗಿ ಯಾವುದೇ ಒಂದು ದೇಶಕ್ಕೆ ಶೇಕಡ 7ಕ್ಕಿಂತ ಹೆಚ್ಚು ಸಲ್ಲದು. ಸಣ್ಣ ದ್ವೀಪರಾಷ್ಟ್ರಕ್ಕೂ ಶೇಕಡ 7, ನೂರು ಕೋಟಿ ದಾಟಿದ ಭಾರತಕ್ಕೂ ಶೇಕಡ 7. ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ: ದೇಶವೆಂದರೆ ಕೈಯಲ್ಲಿರುವ ಪಾಸ್‌ಪೋರ್ಟಿನ ದೇಶವಲ್ಲ, ಹುಟ್ಟಿದ ದೇಶ. ಕೋಣಂದೂರಿನಲ್ಲಿ ಹುಟ್ಟಿದವನು ನಡುವೆ ಕೆನಡಾದ ಪ್ರಜೆಯಾದರೂ ಭಾರತದ ಸಾಲಿನಲ್ಲಿಯೇ ನಿಲ್ಲಬೇಕು. ಬೇರೆ ದೇಶದಲ್ಲಿ ಹುಟ್ಟಿದ ಹೆಂಡತಿಯಿದ್ದರೆ ಮಾತ್ರ ಅವಳ ಸಾಲಿಗೆ ಸೇರಿಕೊಳ್ಳಬಹುದು. ಜಾತಕ ನೋಡುವವರಿಗೆ ಇದೊಂದು ಹೊಸ ಕೂಟವೆನ್ನಬೇಕು.

ಈ ಸಾಲು ಎಲ್ಲಿಯವರೆಗೆ ಸರಿಯಿತೆಂದು ಹೇಳುವುದಕ್ಕೆ ಅಮೆರಿಕದ ವಿದೇಶಾಂಗ ಇಲಾಖೆ ತಿಂಗಳಿಗೊಂದು ವೀಸಾ ಬುಲೆಟಿನ್ ಹೊರಡಿಸುತ್ತದೆ. ಅದು ನಮ್ಮ ಪಂಚಾಂಗವಿದ್ದಂತೆ. ವ್ಯತ್ಯಾಸವೆಂದರೆ ಈ ಪಂಚಾಂಗದಲ್ಲಿ ತಿಥಿಗಳು ಹಿಂದಕ್ಕೂ ನಡೆಯುತ್ತವೆ. 2025ರ ಅಕ್ಟೋಬರಿನ ಬುಲೆಟಿನ್ನಿನಲ್ಲಿ ಭಾರತದವರಿಗೆ ಎರಡನೆಯ ವರ್ಗದ ಸರದಿ ತಲುಪಿದ್ದುದು 2013ರ ಏಪ್ರಿಲ್ 1ಕ್ಕೆ. ಎಂದರೆ, ಹನ್ನೆರಡು ವರ್ಷಗಳಿಗೂ ಹಿಂದೆ ಅರ್ಜಿ ಹಾಕಿದವರ ಸರದಿ ಆಗ ಬಂದಿತ್ತು. ಈ ಪಂಚಾಂಗವನ್ನು ನಂಬಿ ಕೆಟ್ಟವರ ಕಥೆ 2007ರದು. ಆ ಜುಲೈ ತಿಂಗಳಿಗೆ ಉದ್ಯೋಗದ ಹೆಚ್ಚುಕಡಿಮೆ ಎಲ್ಲ ವರ್ಗಗಳಿಗೂ ಬಾಗಿಲು ತೆರೆದಿದೆಯೆಂದು ಬುಲೆಟಿನ್ ಸಾರಿತು. ಸಾವಿರಾರು ಸಂಸಾರಗಳು ವೈದ್ಯರ ತಪಾಸಣೆ ಮಾಡಿಸಿ, ವಕೀಲರಿಗೆ ಹಣ ತೆತ್ತು, ಊರಿನಿಂದ ಜನನ ಪತ್ರ ತರಿಸಿ, ಅರ್ಜಿ ಸಿದ್ಧಪಡಿಸಿಕೊಂಡವು. ಜುಲೈ 2ರಂದು ಇಲಾಖೆ ಮಾತು ಹಿಂತೆಗೆದುಕೊಂಡಿತು. ನೊಂದ ಭಾರತೀಯರು ಬೀದಿಯಲ್ಲಿ ಕೂಗಾಡುವ ಬದಲು ವಲಸೆ ಇಲಾಖೆಯ ನಿರ್ದೇಶಕರಿಗೆ ನೂರಾರು ಹೂಗುಚ್ಛಗಳನ್ನು ಕಳುಹಿಸಿದರು. ಅದರ ಹಿಂದಿನ ವರ್ಷ ಬಂದಿದ್ದ ಹಿಂದೀ ಚಿತ್ರವೊಂದರ ಗಾಂಧಿಗಿರಿಯೇ ಪ್ರೇರಣೆ. ನಿರ್ದೇಶಕರು ಆ ಹೂಗಳನ್ನು ಗಾಯಾಳು ಸೈನಿಕರಿದ್ದ ಆಸ್ಪತ್ರೆಗೆ ಕಳುಹಿಸಿಕೊಟ್ಟರು. ಜುಲೈ 17ರಂದು ಬಾಗಿಲು ಮತ್ತೆ ತೆರೆಯಿತು. ಹೂವಿನಿಂದಲೋ ಮೊಕದ್ದಮೆಯ ಭಯದಿಂದಲೋ ಎಂಬುದು ಬೇರೆ ಮಾತು.

ಕಾಯುವುದು ದೊಡ್ಡವರಿಗೆ ಬೇಸರದ ಸಂಗತಿ. ಮಕ್ಕಳಿಗೆ ಅದು ಅದಕ್ಕಿಂತ ಕಠಿಣ. 2013ರಲ್ಲಿ ತಂದೆ ಅರ್ಜಿ ಹಾಕಿದಾಗ ಎಂಟೊಂಬತ್ತು ವರ್ಷದವನಾಗಿದ್ದ ಮಗ 2025ಕ್ಕೆ 21 ದಾಟುತ್ತಾನೆ. 21 ತುಂಬಿದವನು ಕಾನೂನಿನ ಕಣ್ಣಿನಲ್ಲಿ ಮಗುವಲ್ಲ. ತಂದೆಯ ಅರ್ಜಿಯಿಂದ ಅವನ ಹೆಸರು ಕಳಚಿಬೀಳುತ್ತದೆ. ಬುದ್ಧಿ ಬಂದಂದಿನಿಂದ ಅಲ್ಲಿಯೇ ಬೆಳೆದವನು ವಿದ್ಯಾರ್ಥಿಯ ವೀಸಾ ಹಿಡಿಯಬೇಕು, ಇಲ್ಲವೇ ಅಜ್ಜನ ಮನೆಯನ್ನು ಬಿಟ್ಟರೆ ಮತ್ತೇನೂ ಅರಿಯದ ಊರಿಗೆ ಮರಳಬೇಕು. ಇಂಥವರ ರಕ್ಷಣೆಗೆಂದೇ 2002ರಲ್ಲಿ ಒಂದು ಕಾಯಿದೆ ಆಯಿತು. ಇಲಾಖೆಯ ವಿಳಂಬದ ದಿನಗಳನ್ನು ಮಗುವಿನ ವಯಸ್ಸಿನಿಂದ ಕಳೆಯುವುದು ಅದರ ಕ್ರಮ. ಆದರೆ ವಯಸ್ಸನ್ನು ಯಾವ ದಿನದವರೆಗೆ ಎಣಿಸಬೇಕು? ಬುಲೆಟಿನ್ನಿನಲ್ಲಿ ಎರಡು ಪಟ್ಟಿಗಳಿವೆ: ಅರ್ಜಿ ಸಲ್ಲಿಸಬಹುದಾದ ದಿನಗಳದೊಂದು, ಕೊನೆಯ ಮಂಜೂರಾತಿಯ ದಿನಗಳದೊಂದು. 2023ರ ಫೆಬ್ರುವರಿಯಲ್ಲಿ ಮೊದಲನೆಯದನ್ನೂ ಹಿಡಿಯಬಹುದೆಂದು ಇಲಾಖೆ ಹೇಳಿತು. ಎಷ್ಟೋ ಮಕ್ಕಳು ಬಚಾವಾದರು. 2025ರ ಆಗಸ್ಟ್ 15ರಿಂದ ಸಲ್ಲಿಕೆಯಾಗುವ ಅರ್ಜಿಗಳಿಗೆ ಎರಡನೆಯದೇ ಪ್ರಮಾಣವೆಂದಿತು. ಕಾಯಿದೆಯ ಒಂದಕ್ಷರವೂ ಬದಲಾಗಿರಲಿಲ್ಲ. ಅದನ್ನು ಓದುವ ಕ್ರಮ ಬದಲಾಗಿತ್ತು. ಆಗಸ್ಟ್ 14ಕ್ಕೆ ಅರ್ಜಿ ಕೊಟ್ಟವನ ಮಗ ಮಗುವೇ ಆಗಿ ಉಳಿದು, ಮರುದಿನ ಕೊಟ್ಟವನ ಮಗ ದೊಡ್ಡವನಾಗಿಬಿಡುವುದು ಹೀಗೆ.

ಕಾಯಿದೆ ಬದಲಾಯಿತೇ ಎಂದು ಮಾತ್ರ ನೋಡುವವರು ಎಡವುವುದು ಇಂಥ ಕಡೆಯಲ್ಲಿಯೇ. ನಿಯಮ, ಸುತ್ತೋಲೆ, ಶುಲ್ಕ, ಸಂದರ್ಶನದ ಸ್ಥಳ ಇವುಗಳು ಸದ್ದಿಲ್ಲದೆ ಬದಲಾಗುತ್ತವೆ. ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟು 2025ರ ಜನವರಿಯಲ್ಲಿ ಆರಂಭವಾಯಿತೆಂದು ಓದಿ, ಇನ್ನು ಚೆನ್ನೈಗೆ ಹೋಗುವ ಕಷ್ಟ ತಪ್ಪಿತೆಂದು ಹಿಗ್ಗಿದವರು ಬಹಳ ಮಂದಿ. ವೀಸಾ ಕೊಡುವ ಕೆಲಸ ಆಗ ಅಲ್ಲಿ ಶುರುವಾಗಿರಲಿಲ್ಲ. ವೀಸಾ ನವೀಕರಣಕ್ಕೆ ಕಾಗದಪತ್ರಗಳನ್ನು ಪೆಟ್ಟಿಗೆಯಲ್ಲಿ ಹಾಕಿ ಬಂದರೆ ಸಾಕೆಂಬ ಅನುಕೂಲವಿತ್ತು. 2025ರ ಸೆಪ್ಟೆಂಬರ್ 2ರಿಂದ ಎಚ್-1ಬಿಯವರೂ ಸೇರಿದಂತೆ ಬಹುತೇಕ ಮಂದಿ ಎದುರು ನಿಂತೇ ಉತ್ತರ ಹೇಳಬೇಕಾಯಿತು. ತಂಗಿಯ ಮದುವೆಗೆಂದು ಎರಡು ವಾರ ರಜೆ ಹಾಕಿ ಬಂದವನಿಗೆ ಸಂದರ್ಶನದ ದಿನ ಎರಡು ತಿಂಗಳ ಮೇಲೆ ಸಿಕ್ಕರೆ ಕೆಲಸದ ಗತಿಯೇನು? ಹೈದರಾಬಾದಿನ ಬಳಿಯ ಚಿಲಕೂರಿನ ಬಾಲಾಜಿಗೆ ಜನರು 'ವೀಸಾ ಬಾಲಾಜಿ'ಯೆಂದೇ ಹೆಸರಿಟ್ಟಿದ್ದಾರೆ. ಹರಕೆ ಹೊತ್ತು ಹನ್ನೊಂದು ಪ್ರದಕ್ಷಿಣೆ, ಫಲಿಸಿದ ಮೇಲೆ ನೂರೆಂಟು. ದೇವರ ಸನ್ನಿಧಿಯಲ್ಲಿ ಮಾತ್ರ ಈ ಸಂಖ್ಯೆಗಳು ಬದಲಾಗದೆ ಉಳಿದಿವೆ!

ನಮ್ಮ ದೇಶದ ನಿಯಮಗಳೂ ಸುಮ್ಮನೆ ಕುಳಿತಿಲ್ಲ. ಪಾಸ್‌ಪೋರ್ಟಿಗೆ ಜನ್ಮದಿನದ ಪುರಾವೆಯ ಸಂಗತಿಯನ್ನೇ ನೋಡಬಹುದು. 1989ರ ಜನವರಿ 26ರಂದು ಅಥವಾ ಅನಂತರ ಹುಟ್ಟಿದವರು ಜನನ ಪ್ರಮಾಣ ಪತ್ರವನ್ನೇ ತರಬೇಕೆಂಬ ನಿಯಮವಿತ್ತು. ಹೆರಿಗೆ ಮನೆಯಲ್ಲಿಯೇ ಆಗಿ, ಪಂಚಾಯಿತಿಯ ಪುಸ್ತಕದಲ್ಲಿ ಬರೆಸಲು ಮರೆತ ಮಲೆನಾಡಿನ ಮಕ್ಕಳು ಅದಕ್ಕಾಗಿ ಕೋರ್ಟು ಕಚೇರಿ ಅಲೆದದ್ದುಂಟು. 2016ರ ಡಿಸೆಂಬರಿನಲ್ಲಿ ಆ ಬಿಗಿ ಸಡಿಲಿ, ಶಾಲೆಯ ವರ್ಗಾವಣೆ ಪತ್ರ ಮೊದಲಾದವೂ ಸಲ್ಲುವಂತಾಯಿತು. 2025ರ ಫೆಬ್ರುವರಿಯ ತಿದ್ದುಪಡಿ ಮತ್ತೆ ಬಿಗಿ ಮಾಡಿತು: 2023ರ ಅಕ್ಟೋಬರ್ 1ರಂದು ಅಥವಾ ಅನಂತರ ಹುಟ್ಟಿದ ಮಕ್ಕಳಿಗೆ ಜನನ ಪ್ರಮಾಣ ಪತ್ರವೊಂದೇ ಪುರಾವೆ. ತೊಟ್ಟಿಲಲ್ಲಿರುವ ಮೊಮ್ಮಗುವಿನ ಹೆಸರನ್ನು ಇಂದೇ ಬರೆಸುವುದು ಒಳಿತು. ಅಪ್ಪನ ಹೆಸರಿನ ಕಾಗುಣಿತ ಎಲ್ಲ ಕಾಗದಗಳಲ್ಲಿ ಒಂದೇ ಇದೆಯೇ ಎಂದು ನೋಡುವುದೂ ಆಗಲೇ ಆಗಬೇಕು.

ತೋಟದ ಮನೆಯ ಒಂದೆರಡು ಕೋಣೆಗಳನ್ನು ಹೋಂಸ್ಟೇ ಮಾಡಿಕೊಂಡವರಿಗೂ ಈ ಕಾನೂನು ಹೊರಗಿನದಲ್ಲ. ವಿದೇಶೀ ಅತಿಥಿ ಬಂದಿಳಿದ 24 ಗಂಟೆಗಳೊಳಗೆ ಅಧಿಕಾರಿಗಳಿಗೆ ವಿವರ ಸಲ್ಲಿಸುವ ಹೊಣೆ ಮನೆಯವರದು. 1920, 1939, 1946 ಮತ್ತು 2000ನೆಯ ಇಸವಿಗಳ ನಾಲ್ಕು ಹಳೆಯ ಕಾಯಿದೆಗಳನ್ನು ರದ್ದುಪಡಿಸಿ ಒಂದೇ ವಲಸೆ ಮತ್ತು ವಿದೇಶಿಯರ ಕಾಯಿದೆ 2025ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದಿದೆ.

ಇಷ್ಟೆಲ್ಲ ಬದಲಾವಣೆಗಳ ಸುದ್ದಿಯನ್ನು ಹೆಚ್ಚಿನ ಸಂಸಾರಗಳಿಗೆ ತಲುಪಿಸುವವರು ಏಜೆಂಟರು ಮತ್ತು ಮೊಬೈಲಿನ ಸಂದೇಶಗಳು. ಇವೆರಡರಲ್ಲಿಯೂ ದಿನಾಂಕವಿರುವುದಿಲ್ಲ, ಯಾರಿಗೆ ಅನ್ವಯವೆಂಬುದೂ ಇರುವುದಿಲ್ಲ. ಮೂಲದಲ್ಲಿ ಎರಡೂ ಇರುತ್ತವೆ. ಭಾರತದ ರಾಜ್ಯಪತ್ರ, ಅಮೆರಿಕದ ಫೆಡರಲ್ ರಿಜಿಸ್ಟರ್, ತಿಂಗಳ ವೀಸಾ ಬುಲೆಟಿನ್ ಇವು ಯಾರು ಬೇಕಾದರೂ ಕಾಸಿಲ್ಲದೆ ಓದಬಹುದಾದ ಪ್ರಕಟಣೆಗಳು. ಕೊಲ್ಲಿ ದೇಶಗಳಿಗೆ ಕೂಲಿ ಕೆಲಸಕ್ಕೆ ಕಳುಹಿಸುವ ಏಜೆಂಟರು 1983ರ ವಲಸೆ ಕಾಯಿದೆಯಂತೆ ನೋಂದಣಿಯಾಗಿರಲೇಬೇಕು. ನೋಂದಣಿ ಸಂಖ್ಯೆ ಕೇಳಿದರೆ ಮುಖ ಸಿಂಡರಿಸುವವನ ಕೈಗೆ ಪಾಸ್‌ಪೋರ್ಟು ಕೊಡುವುದಕ್ಕಿಂತ ಅದನ್ನು ಅಟ್ಟದ ಮೇಲಿಡುವುದು ಮೇಲು.

ಇನ್ನುಳಿದದ್ದು ತೋಟದ ಪ್ರಶ್ನೆ. ಕೋಣಂದೂರಿನ ಸಂಸಾರಕ್ಕೆ ಎಲ್ಲಕ್ಕಿಂತ ಹತ್ತಿರದ ಪ್ರಶ್ನೆಯೂ ಇದೇ.

ಸಾಲಿನಲ್ಲಿ ನಿಂತು ಗ್ರೀನ್ ಕಾರ್ಡು ಪಡೆದು, ಐದು ವರ್ಷ ಕಳೆದ ಮೇಲೆ ಮಗ ಅಮೆರಿಕದ ಪೌರತ್ವದ ಪ್ರಮಾಣ ವಚನ ಸ್ವೀಕರಿಸುತ್ತಾನೆ. ಆ ಗಳಿಗೆಗೆ ಅವನ ಭಾರತೀಯ ಪೌರತ್ವ ತಾನಾಗಿಯೇ ಕೊನೆಗೊಳ್ಳುತ್ತದೆ. 1955ರ ಪೌರತ್ವ ಕಾಯಿದೆ ಎರಡು ದೋಣಿಯಲ್ಲಿ ಕಾಲಿಡಲು ಬಿಡುವುದಿಲ್ಲ. ಹಳೆಯ ಪಾಸ್‌ಪೋರ್ಟನ್ನು ಒಪ್ಪಿಸಿ ಅವನು ಸಾಗರೋತ್ತರ ಭಾರತೀಯ ನಾಗರಿಕನ ಕಾರ್ಡು, ಎಂದರೆ ಒಸಿಐ, ಪಡೆಯಬಹುದು. ಹೆಸರಿನಲ್ಲಿ ನಾಗರಿಕನೆಂಬ ಮಾತಿದ್ದರೂ ಅದು ಪೌರತ್ವವಲ್ಲ. ಮತವಿಲ್ಲ, ಸರ್ಕಾರಿ ಹುದ್ದೆಯಿಲ್ಲ. ಅದೊಂದು ಜೀವಮಾನದ ವೀಸಾ. ಆ ಜೀವಮಾನವೂ 2020ರ ಮಾರ್ಚ್ 13ರಂದು ನಿಂತುಹೋಗಿತ್ತು. ಕೊರೋನಾ ಕಾಲದ ಆಜ್ಞೆಯಿಂದ ಒಸಿಐ ಕಾರ್ಡಿನವರ ಮುಕ್ತ ಪ್ರವೇಶ ಅಮಾನತಾಗಿ, ತಂದೆ ತಾಯಿಯರ ಅಂತ್ಯಕ್ಕೆ ಬರಲಾರದೆ ದೂರದಿಂದಲೇ ಮೊಬೈಲಿನ ಪರದೆಯಲ್ಲಿ ನೋಡಿದವರೆಷ್ಟೋ. ಕುಟುಂಬದಲ್ಲಿ ಸಾವಿನಂಥ ತುರ್ತಿದ್ದವರಿಗೆ ಮೇ 22ರಂದು ಮೊದಲ ವಿನಾಯಿತಿ ಬಂತು. ಎರಡು ತಿಂಗಳೆಂಬುದು ಹನ್ನೆರಡನೆಯ ದಿನದ ಕರ್ಮಕ್ಕೆ ಕಾದು ಕುಳಿತವರಿಗೆ ಅಲ್ಪಾವಧಿಯಲ್ಲ.

ಈಗ ಆ ಮಗನು ಪಕ್ಕದ ಎರಡು ಎಕರೆ ಅಡಿಕೆ ತೋಟವನ್ನು ತನ್ನ ಹೆಸರಿಗೆ ಕೊಳ್ಳಬೇಕೆನ್ನುತ್ತಾನೆ. ಕೊಳ್ಳುವಂತಿಲ್ಲ. ಕೃಷಿ ಭೂಮಿ, ತೋಟ, ಫಾರ್ಮ್ ಹೌಸ್ ಇವುಗಳನ್ನು ಪರದೇಶವಾಸಿ ಭಾರತೀಯನಾಗಲಿ ಒಸಿಐ ಕಾರ್ಡಿನವನಾಗಲಿ ಕೊಳ್ಳುವುದಕ್ಕೆ ಕೇಂದ್ರದ ವಿದೇಶಿ ವಿನಿಮಯ ಕಾಯಿದೆ ಎಡೆಗೊಡುವುದಿಲ್ಲ. ಶಿವಮೊಗ್ಗದಲ್ಲೊಂದು ಮನೆಯನ್ನೋ ಬೆಂಗಳೂರಿನಲ್ಲೊಂದು ಫ್ಲಾಟನ್ನೋ ಕೊಳ್ಳಬಹುದು. 2020ರಲ್ಲಿ ಕರ್ನಾಟಕವು ಭೂಸುಧಾರಣಾ ಕಾಯಿದೆಯ 79-ಎ ಮತ್ತು 79-ಬಿ ಕಲಮುಗಳನ್ನು ತೆಗೆದುಹಾಕಿದಾಗ, ಇನ್ನು ಯಾರು ಬೇಕಾದರೂ ಜಮೀನು ಕೊಳ್ಳಬಹುದೆಂಬ ಮಾತು ಹಬ್ಬಿತು. ಅದು ಕೃಷಿಕರಲ್ಲದವರ ಮೇಲಿದ್ದ ರಾಜ್ಯದ ನಿರ್ಬಂಧ. ಕೇಂದ್ರದ ಬೇಲಿ ಇದ್ದಲ್ಲಿಯೇ ಇದೆ.

ಹಾಗಾದರೆ ತಂದೆ ತನ್ನ ಕಾಲದಲ್ಲಿಯೇ ಮಗನಿಗೆ ದಾನಪತ್ರ ಬರೆದುಕೊಡಲೇ? ಅದೂ ಸಲ್ಲದು. ಮನೆಯನ್ನು ದಾನ ಕೊಡಬಹುದು, ತೋಟವನ್ನಲ್ಲ. ಆದರೆ ವಾರಸಿನಿಂದ ಬರುವ ತೋಟಕ್ಕೆ ಅಡ್ಡಿಯಿಲ್ಲ. ತಂದೆಯ ಅನಂತರ ಪೌತಿ ಖಾತೆಯಾಗಿ ಪಹಣಿಯಲ್ಲಿ ಆ ಮಗನ ಹೆಸರು ಬರಬಹುದು. ಅವನು ಇಟ್ಟುಕೊಳ್ಳಬಹುದು, ಮಾರುವುದಾದರೆ ಭಾರತದಲ್ಲಿ ವಾಸಿಸುವ ಭಾರತೀಯ ಪ್ರಜೆಗೆ ಮಾರಬಹುದು. ಅಕ್ಕರೆಯಿಂದ ಬರೆದ ದಾನಪತ್ರ ತೊಡಕಿಗೆ ಸಿಕ್ಕಿಕೊಳ್ಳುವಲ್ಲಿ ಸಾಧಾರಣವಾದ ಒಂದು ಉಯಿಲು ಕಾನೂನಿಗೆ ಒಪ್ಪಿತವಾಗುತ್ತದೆ. ಈ ಭೇದ ತಿಳಿಯದೆ ತೀರ್ಥಹಳ್ಳಿಯ ನೋಂದಣಿ ಕಚೇರಿಗೆ ನಡೆಯುವ ಮುನ್ನ ಬಲ್ಲ ವಕೀಲರೊಬ್ಬರನ್ನು ಕಾಣುವುದು ತಂದೆಗೆ ಕ್ಷೇಮ. ಮಗ ಅಲ್ಲಿಂದ ಅಧಿಕಾರ ಪತ್ರ ಕಳುಹಿಸುವುದಾದರೆ, ಅದು ಭಾರತಕ್ಕೆ ಬಂದ ಮೂರು ತಿಂಗಳೊಳಗೆ ಇಲ್ಲಿಯ ಮುದ್ರಾಂಕ ಶುಲ್ಕ ಕಟ್ಟಬೇಕು; ಬೀರುವಿನಲ್ಲಿ ಭದ್ರವಾಗಿಟ್ಟು ಮರೆತರೆ ದಂಡಕ್ಕೆ ದಾರಿ.

ಉಯಿಲಿಗೆ ನೋಂದಣಿ ಕಡ್ಡಾಯವಲ್ಲ. ಬರೆದವರ ಸಹಿಗೆ ಇಬ್ಬರು ಸಾಕ್ಷಿಗಳು ಬೇಕು, ಮುಂದೆ ತಕರಾರು ಬಂದರೆ ಅವರಲ್ಲಿ ಒಬ್ಬರಾದರೂ ಕೋರ್ಟಿಗೆ ಬಂದು ನುಡಿಯಬೇಕು. ಆದುದರಿಂದ ಸಾಕ್ಷಿಗಳು ಬರೆದವರಿಗಿಂತ ಕಿರಿಯರಾಗಿರಲೆಂದು ವಕೀಲರು ಹೇಳುವುದು ವಾಡಿಕೆ. ಅಂಥ ಕಿರಿಯರು ಊರಿನಲ್ಲಿ ಸಿಗುವುದು ಹಬ್ಬಹುಣ್ಣಿಮೆಗಳಲ್ಲಿ. ಉಯಿಲಿನ ಕೆಲಸವನ್ನು ನವರಾತ್ರಿಯ ದಿನಗಳಿಗೆ ಇಟ್ಟುಕೊಳ್ಳುವ ಮನೆಗಳೂ ಇವೆ.